ಮೇಲಿನ ಸಾಲು ಅಲುಗಲಿಲ್ಲ

ಎರಡು ವರ್ಷದ ಹಿಂದಿನ ಮಾತು. ಶ್ರಾವಣ ಹತ್ತಿರ ಬರುತ್ತಿತ್ತು. ಬೇರೆಯವರ ಮನೆಯಲ್ಲಿ ಶ್ರಾವಣವೆಂದರೆ ಸಡಗರ, ನಮ್ಮ ಮನೆಯಲ್ಲಿ ಮಾತ್ರ ದಿಗಿಲು. ಆ ತಿಂಗಳಲ್ಲಿ ತಾವರೆಕೆರೆ ಹತ್ತಿರದ ನಮ್ಮೂರಲ್ಲಿ ಮನೆದೇವರ ಪೂಜೆ ನಡೆಯುತ್ತದೆ. ಪೂಜಾರಪ್ಪ ಒಬ್ಬೊಬ್ಬರ ಹೆಸರು ಕೂಗಿ ಪ್ರಸಾದ ಕೊಡುತ್ತಾರೆ. ಮೊದಲ ಪ್ರಸಾದ ಮನೆಗೆ ಹಿರಿಯರಾದವರಿಗೆ. ಆ ಹಿರಿಯರು ಯಾರು ಎಂಬುದೇ ನಮ್ಮಲ್ಲಿ ಬಗೆಹರಿಯದ ಜಗಳ.

ನಮ್ಮ ತಾತನಿಗೆ ಇಬ್ಬರು ಹೆಂಡಿರು. ಹಿರಿಯ ಹೆಂಡತಿಗೆ ಗಂಡುಮಗು ಆಗಲಿಲ್ಲವೆಂದು ಎರಡನೆಯವರನ್ನು ತಂದರಂತೆ. ಅವರಿಗೆ ದೊಡ್ಡಪ್ಪ ಭೀಮಣ್ಣ ಹುಟ್ಟಿದರು. ಇನ್ನು ಆಸೆಯೇ ಇಲ್ಲ ಅನ್ನುವಾಗ ಹಿರಿಯ ಹೆಂಡತಿಗೆ ನಮ್ಮಪ್ಪ ರಂಗಪ್ಪ ಹುಟ್ಟಿದರು. ವಯಸ್ಸಿನಲ್ಲಿ ದೊಡ್ಡಪ್ಪ ಮುಂದು, ತಾಯಿಯ ಲೆಕ್ಕದಲ್ಲಿ ಅಪ್ಪ ಮುಂದು. ಇಬ್ಬರೂ ಮೊಮ್ಮಕ್ಕಳನ್ನು ಕಂಡವರು, ಆದರೆ ಪ್ರಸಾದದ ಹೊತ್ತಿಗೆ ಚಿಕ್ಕ ಹುಡುಗರಾಗಿಬಿಡುತ್ತಿದ್ದರು.

ಅದರ ಹಿಂದಿನ ವರ್ಷದ ಪೂಜೆಯಲ್ಲಿ ಮಾತಿಗೆ ಮಾತು ಬೆಳೆದು, ಅಪ್ಪ ಊಟ ಮಾಡದೆ ನಮ್ಮನ್ನೆಲ್ಲ ಎಬ್ಬಿಸಿಕೊಂಡು ದೊಡ್ಡಪ್ಪನ ಮನೆಯಿಂದ ಹೊರಟುಬಿಟ್ಟರು. ರಸ್ತೆಯವರೆಗೂ ಹಿಂದೆ ಬಂದದ್ದು ಅಂಜಿನತ್ತೆ ಒಬ್ಬರೇ. ಅವರು ಅಪ್ಪನ ಒಡಹುಟ್ಟಿದ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವರು, ದೊಡ್ಡಪ್ಪನ ಮನೆಯಲ್ಲಿ ಇದ್ದಾರೆ. ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು, "ನೀವಿಬ್ರೂ ಹಿಂಗ್ ಮಾಡ್ಕೊಂಡ್ರೆ ನಾನು ಯಾರ ಬಾಗ್ಲಿಗೆ ಬರ್ಲಪ್ಪ?" ಅಂದರು. ಅಪ್ಪ ಕ್ಯಾರಿಯರನ್ನೂ ಮುಟ್ಟಲಿಲ್ಲ. ಆಮೇಲೆ ವರ್ಷಪೂರ್ತಿ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಅತ್ತೆ ನಮ್ಮ ಮನೆಗೆ ಬರುವುದೂ ನಿಂತಿತು.

ನಾನು ಶಿರಾದಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಆ ವರ್ಷ ದೊಡ್ಡಪ್ಪನ ಮಗ ಮಧುಗಿರಿಯಿಂದ ಫೋನ್ ಮಾಡಿ, ಪೂಜೆಯ ದಿನ ಕಟ್ಟಲು ನಮ್ಮ ವಂಶವೃಕ್ಷದ ಫ್ಲೆಕ್ಸ್ ಮಾಡಿಕೊಡು ಎಂದ. ಹೆಸರುಗಳನ್ನು ಮನೆವಾರು ಬರೆದು ಕಳಿಸಿದ. ಅದರಲ್ಲಿ ಅತ್ತೆಯ ಹೆಸರು ದೊಡ್ಡಪ್ಪನ ಮನೆಯ ಕೊನೆಗೆ, ಮೊಮ್ಮಕ್ಕಳೂ ಆದಮೇಲೆ ಇತ್ತು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ವಂಶವೃಕ್ಷಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಅದಕ್ಕೆ ಯಾರ ಮನೆಯಲ್ಲಿ ಇದ್ದಾರೆ ಎಂಬುದು ಬೇಕಿಲ್ಲ. ಹೆಸರು ಬರೆದ ಕೂಡಲೇ ತಂದೆ ಯಾರು, ತಾಯಿ ಯಾರು, ಹುಟ್ಟಿದ ವರ್ಷ ಯಾವುದು ಎಂದು ಕೇಳುತ್ತದೆ. ಹೆಸರಿನ ಪಕ್ಕದ ಪ್ಲಸ್ ಗುರುತು ಒತ್ತಿದರೆ ಮಕ್ಕಳು ಕೆಳಗೆ ಒಂದು ಹೆಜ್ಜೆ ಒಳಕ್ಕೆ ಸಾಲಾಗಿ ಬರುತ್ತಾರೆ. ಮೇಲಿರುವ 'ವಯಸ್ಸು' ಅಥವಾ 'ತಾಯಿ' ಎಂಬ ತಲೆಬರಹ ಒತ್ತಿದರೆ ಒಡಹುಟ್ಟಿದವರು ಮಾತ್ರ ತಮ್ಮತಮ್ಮಲ್ಲೇ ಮೇಲೆ ಕೆಳಗೆ ಆಗುತ್ತಾರೆ. ಒಬ್ಬರ ಮಕ್ಕಳು ಇನ್ನೊಬ್ಬರ ಕೆಳಗೆ ಹೋಗುವುದಿಲ್ಲ.

ಫ್ಲೆಕ್ಸಿನಲ್ಲಿ ಮೊದಲು ಯಾರ ಹೆಸರು ಎಂದು ಮತ್ತೆ ಶುರುವಾಯಿತು. ಒಂದು ಫೋನ್ ಇಟ್ಟರೆ ಇನ್ನೊಂದು. ಕೊನೆಗೆ ನಾನು ರೇಗಿ, "ಇಬ್ರೂ ಅಂಗಡಿಗೇ ಬನ್ನಿ. ಕಂಪ್ಯೂಟರ್ ಏನು ತೋರಿಸುತ್ತೋ ಅದೇ ಆಗ್ಲಿ" ಅಂದೆ. ನನ್ನ ಪುಣ್ಯಕ್ಕೆ ದೊಡ್ಡಪ್ಪ ಒಪ್ಪಿದರು. "ಆಗ್ಲಿ ಕಣಮ್ಮ. ಅದು ನಮ್ಮನೆ ಉಪ್ಪೂ ತಿಂದಿಲ್ಲ, ನಿಮ್ಮನೆ ಉಪ್ಪೂ ತಿಂದಿಲ್ಲ."

ಭಾನುವಾರ ಇಬ್ಬರೂ ಬಂದು ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಸ್ಟೂಲಿನ ಮೇಲೆ ಕೂತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಾತನ ಹೆಸರಿನ ಪಕ್ಕದ ಗುರುತು ಒತ್ತಿ ಮಕ್ಕಳ ಸಾಲು ತೆರೆದೆ.

"ವಯಸ್ಸಿನ ಪ್ರಕಾರ ಹಾಕಮ್ಮ" ಅಂದರು ದೊಡ್ಡಪ್ಪ. ಹಾಕಿದೆ. ಭೀಮಣ್ಣ ಮೇಲೆ, ರಂಗಪ್ಪ ಕೆಳಗೆ.

"ತಾಯಿ ಪ್ರಕಾರ ಹಾಕು" ಅಂದರು ಅಪ್ಪ. ಹಾಕಿದೆ. ರಂಗಪ್ಪ ಮೇಲೆ, ಭೀಮಣ್ಣ ಕೆಳಗೆ.

"ಇನ್ನೊಂದು ಕಿತ ವಯಸ್ಸು ಒತ್ತು." ಒತ್ತಿದೆ. ಇವರು ಹತ್ತುವುದು, ಅವರು ಇಳಿಯುವುದು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆಗ ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ಇದೇನಮ್ಮ, ನಾವಿಬ್ರೂ ಹಿಂಗೆ ಕುಣೀತಾ ಇದೀವಿ, ಮ್ಯಾಲಿಂದು ಅಲ್ಲಾಡ್ತಾನೇ ಇಲ್ವಲ್ಲ?"

ಮೇಲಿನ ಸಾಲಿನಲ್ಲಿ ಅಂಜಿನಮ್ಮ ಎಂದಿತ್ತು. ತಾತನ ಮೊದಲ ಮಗು, ಹಿರಿಯ ಹೆಂಡತಿಯ ಮಗಳು. ಯಾವುದನ್ನು ಒತ್ತಿದರೂ ಅವರೇ ಮೇಲೆ. ಹೆಸರು, ತಂದೆತಾಯಿ, ಹುಟ್ಟಿದ ವರ್ಷ ಎಲ್ಲ ಹಾಕಿದವಳು ನಾನೇ, ಆದರೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪ ತಲೆ ತಗ್ಗಿಸಿ, "ಅಕ್ಕ ಹೆಣ್ಣಾದ್ಲು ಅಂತ ತಾನೆ ಅಪ್ಪಯ್ಯ ಎರಡ್ನೇದು ಮಾಡ್ಕೊಂಡಿದ್ದು" ಅಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ದೊಡ್ಡಪ್ಪ ಒಂದು ವರ್ಷದ ಮೇಲೆ ಮೊದಲ ಸಲ ಅವರ ಕಡೆ ತಿರುಗಿದರು. "ನಾನೂ ಅಲ್ಲ, ನೀನೂ ಅಲ್ಲ ಕಣ್ಲಾ. ಸುಮ್ಕೆ ಬಡ್ಕಂಡ್ವಿ."

ಪೂಜೆಯ ದಿನ ದೊಡ್ಡಪ್ಪ ಪೂಜಾರಪ್ಪನ ಕಿವಿಯಲ್ಲಿ ಅತ್ತೆಯ ಹೆಸರು ಹೇಳಿದರು. ಗಂಡ ಇಲ್ಲದವರಿಗೆ ಮೊದಲ ಪ್ರಸಾದ ಕೊಟ್ಟ ರೂಢಿ ನಮ್ಮಲ್ಲಿಲ್ಲ. ಪೂಜಾರಪ್ಪ ಅಪ್ಪನ ಮುಖ ನೋಡಿದರು. "ಕೂಗಿ ಸ್ವಾಮಿ" ಅಂದರು ಅಪ್ಪ.

ಹೆಸರು ಕೂಗಿದರೆ ಅತ್ತೆ ಅಲ್ಲಿ ಇರಲೇ ಇಲ್ಲ. ಹಿತ್ತಲಲ್ಲಿ ಊಟದೆಲೆ ತೊಳೆಯುತ್ತಿದ್ದರು. ಮತ್ತೆ ಕೂಗಿದಾಗ ನೀರಿನ ಜಗ್ಗು ಹಿಡಿದುಕೊಂಡು ಓಡಿ ಬಂದರು. "ಯಾರಿಗಪ್ಪ ನೀರು?"

"ನೀರಲ್ಲ ಕಣಕ್ಕ, ಪ್ರಸಾದ. ಮೊದಲ್ನೇದು ನಿಂದು" ಅಂದರು ದೊಡ್ಡಪ್ಪ.

ಅತ್ತೆ ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆಯುತ್ತಿದ್ದಾರೇನೋ ಎಂದು. ಆಮೇಲೆ ಜಗ್ಗು ಕೆಳಗಿಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ತೆಂಗಿನ ಹೋಳು ತೆಗೆದುಕೊಂಡರು. ಅಪ್ಪನ ಕಡೆ ನೋಡಿ ಒಂದೇ ಮಾತು ಕೇಳಿದರು: "ಈ ಸಲ ಉಂಡ್ಕೊಂಡು ಹೋಗ್ತೀಯೇನ್ಲಾ?" ಅಪ್ಪ ಹೂಂ ಎಂದು ತಲೆಯಾಡಿಸಿದರು. ನನಗೆ ಅಳು ಬಂದೇಬಿಟ್ಟಿತು.

ಆ ಮನೆಯಲ್ಲಿ ಅಷ್ಟು ವರ್ಷ ಇದ್ದರೂ, ನೀನು ಯಾರ ಮಗಳು, ಯಾವಾಗ ಹುಟ್ಟಿದೆ ಎಂದು ನಮ್ಮಲ್ಲಿ ಯಾರೂ ಅತ್ತೆಯನ್ನು ಕೇಳಿರಲಿಲ್ಲ. ಕೇಳಿದ್ದು ಒಂದು ಯಂತ್ರ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಳೆದ ಶ್ರಾವಣದಲ್ಲಿ ಪೂಜೆ ಮುಗಿಯುತ್ತಿದ್ದಂತೆ ಅತ್ತೆಯನ್ನು ಕರೆಯಲು ನಾನು ಹಿತ್ತಲಿಗೆ ಓಡಿದೆ. ಅಲ್ಲಿ ಎಲೆಗಳು ಮಾತ್ರ ಇದ್ದವು. ಒಳಗೆ ಬಂದು ನೋಡಿದರೆ, ಹೆಸರು ಕೂಗುವ ಮೊದಲೇ ಅತ್ತೆ ಕೈ ಒರೆಸಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದರು.