ಕತ್ತರಿಸಿದ ಹನ್ನೆರಡು ನಿಮಿಷ

ಕಳೆದ ತಿಂಗಳು ಮನೆಗೆ ಹೊಸ ಫ್ರಿಜ್ ಬಂತು. ಪೆಟ್ಟಿಗೆ ಬಿಚ್ಚಿ ಥರ್ಮಾಕೋಲ್ ಎಳೆದಾಗ ಕಿರ್ರೆಂಬ ಸದ್ದು, ಜೊತೆಗೆ ಅದರ ಒಣ ವಾಸನೆ. ಥರ್ಮಾಕೋಲ್ ಎಂದರೆ ನನಗೆ ಇವತ್ತಿಗೂ ಭದ್ರಾವತಿಯ ಡೈರೆಕ್ಟರೇ.

ಡೈರೆಕ್ಟರ್ ಎನ್ನುವುದು ಊರವರು ಅರ್ಧ ತಮಾಷೆಗೆ ಇಟ್ಟ ಹೆಸರು. ಕಾರ್ಖಾನೆಯ ಕ್ವಾರ್ಟರ್ಸ್ ಹತ್ತಿರ ಅವರದೊಂದು ಸಣ್ಣ ಸ್ಟುಡಿಯೋ ಇತ್ತು. ಮದುವೆ, ಗೃಹಪ್ರವೇಶದ ವಿಡಿಯೋ ತೆಗೆಯುವುದು ಹೊಟ್ಟೆಪಾಡು. ಉಳಿದ ಹೊತ್ತಿನಲ್ಲಿ ಊರಿನ ಗಾಯಕರ ಹಾಡುಗಳಿಗೆ ಚಿತ್ರ ಕಟ್ಟುತ್ತಿದ್ದರು. ಭಕ್ತಿಗೀತೆಯಾಗಲಿ, ಕ್ವಾರ್ಟರ್ಸ್ ಹುಡುಗರ ತಮಿಳು ಪ್ರೇಮಗೀತೆಯಾಗಲಿ, ಒಲ್ಲೆ ಎನ್ನುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಲೋಕಲ್ ಕೇಬಲ್‌ನಲ್ಲಿ ಅವು ಬರುತ್ತಿದ್ದವು. ಮುಖದ ಮೇಲೆ ಬೆಳಕು ಬೀಳಿಸಲು ಥರ್ಮಾಕೋಲ್ ಹಾಳೆ, ಕ್ಯಾಮೆರಾ ಉರುಳಿಸಲು ಕಾರ್ಖಾನೆಯ ಗೆಳೆಯರು ಮಾಡಿಕೊಟ್ಟ ಗಾಲಿ ಹಲಗೆ. ಒಮ್ಮೆ ತ್ಯಾವರೆಕೊಪ್ಪದ ಸಫಾರಿ ವ್ಯಾನಿನಲ್ಲಿ ಕೂತು ವೀರರಸದ ಹಾಡೊಂದನ್ನು ತೆಗೆಯಲು ಹೋದರು. ಸಿಂಹ ಕಣ್ಣೇ ಬಿಡಲಿಲ್ಲ. "ಏನ್ಮಾಡ್ಲಿ ಸರ್, ಅದೇ ಸಿಂಹಾನ ಇಟ್ಕೊಂಡು ಜೋಗುಳದ ಹಾಡು ಮಾಡ್ದೆ" ಎಂದು ನಕ್ಕಿದ್ದರು. ಆ ಜೋಗುಳ ನಿಜಕ್ಕೂ ಚೆನ್ನಾಗಿತ್ತು... ನಾನು ಹಾಗೆಂದು ಅವರಿಗೆ ಹೇಳಲಿಲ್ಲ.

ನಾನಾಗ ಶಿವಮೊಗ್ಗದ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಮನೆ ವಿದ್ಯಾನಗರದಲ್ಲಿ. ಗೆಳೆಯರ ಜೊತೆ ಸೇರಿ ಫಿಲ್ಮ್ ಸೊಸೈಟಿ ನಡೆಸುತ್ತಿದ್ದೆ. ಹೊರದೇಶದ ಸಿನಿಮಾ ತರಿಸಿ ತೋರಿಸುವುದು, ಮುಗಿದ ಮೇಲೆ ಎದ್ದು ನಿಂತು ಮಾತಾಡುವುದು. ಮಾತು ನನಗೆ ಚೆನ್ನಾಗಿ ಬರುತ್ತಿತ್ತು. ಡೈರೆಕ್ಟರ್ ತಪ್ಪದೆ ಬಸ್ಸು ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ಕೂತು, ನಾನಂದದ್ದನ್ನೆಲ್ಲ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಎರಡು ವರ್ಷದ ಬಿಡುವಿನ ದಿನಗಳನ್ನೆಲ್ಲ ಸುರಿದು ಅವರೊಂದು ಸಿನಿಮಾ ಮಾಡಿದರು. ಕಾರ್ಖಾನೆಯ ಸೈರನ್ ಕೂಗಿಸುತ್ತಿದ್ದವನೊಬ್ಬ ನಿವೃತ್ತನಾದ ಮೇಲೆ ಏನಾಗುತ್ತಾನೆ ಎನ್ನುವ ಕಥೆ. ಅವನ ಪಾತ್ರಕ್ಕೆ ಕಾರ್ಖಾನೆಯ ಗೆಳೆಯ, ಅವನ ಹೆಂಡತಿಯ ಪಾತ್ರಕ್ಕೆ ಡೈರೆಕ್ಟರ ಹೆಂಡತಿಯೇ. ಆಕೆ ಹಿಂದೆಂದೂ ಕ್ಯಾಮೆರಾ ಮುಂದೆ ನಿಂತವರಲ್ಲ. ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, "ನೀವು ನೋಡಿ ಹೇಳಿದ್ಮೇಲೇನೇ ಬೇರೆಯವ್ರಿಗೆ ತೋರಿಸ್ತೀನಿ ಸರ್" ಎಂದರು.

ನಾನು ಹಾಕಿ ನೋಡಿದೆ. ಧ್ವನಿಯಲ್ಲಿ ಗುಂಯ್‌ಗುಡುವ ಸದ್ದಿತ್ತು. ಹದಿನೈದು ನಿಮಿಷವಾಗಿರಬಹುದು, ಕ್ರಿಕೆಟ್‌ಗೆ ತಿರುಗಿಸಿದೆ. ಮದುವೆ ವಿಡಿಯೋದವರು ಇನ್ನೇನು ಮಾಡಿಯಾರು ಎಂಬ ಉದಾಸೀನ. ಮತ್ತೆ ಆ ಕ್ಯಾಸೆಟ್ ಮುಟ್ಟಲಿಲ್ಲ.

ಮುಂದಿನ ವಾರ ಅವರು ಬಂದರು. ಕೂರುವ ಮೊದಲೇ ನಾನು ಶುರು ಮಾಡಿದೆ. "ಚೆನ್ನಾಗಿದೆ ಮಾರಾಯ್ರೆ. ಆದ್ರೆ ಸೆಕೆಂಡ್ ಹಾಫ್ ಎಳೆದಂಗಾಗಿದೆ. ಆ ಮನೆಯೊಳಗಿನ ಸೀನ್ ಇದೆಯಲ್ಲ, ಅದು ಉದ್ದ ಆಯ್ತು. ಹತ್ತು ಹನ್ನೆರಡು ನಿಮಿಷ ಕತ್ತರಿಸಿ."

ಮನೆಯೊಳಗಿನ ಸೀನ್ ಯಾವ ಸಿನಿಮಾದಲ್ಲಿ ಇರುವುದಿಲ್ಲ?

ಅವರ ಮುಖ ಸಣ್ಣದಾಯಿತು. "ಅದು ಉದ್ದ ಅನ್ಸುತ್ತಾ ಸರ್?"

"ಅನ್ಸುತ್ತೆ."

ಬರೆದುಕೊಂಡರು. ಕ್ಯಾಸೆಟ್ ತೆಗೆದುಕೊಂಡು ಹೋದರು.

ಕೆಲವು ತಿಂಗಳ ನಂತರ ನಮ್ಮ ಸೊಸೈಟಿಯಲ್ಲೇ ಅದರ ಪ್ರದರ್ಶನವಾಯಿತು. ಬೆಂಗಳೂರಿನಿಂದ ಹಿರಿಯ ಸಂಕಲನಕಾರರೊಬ್ಬರು ಬಂದಿದ್ದರು. ಡೈರೆಕ್ಟರ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಕೂತು ನಾನು ಆ ಸಿನಿಮಾ ಪೂರ್ತಿ ನೋಡಿದ್ದು ಅದೇ ಮೊದಲು. ಅರ್ಧ ದಾಟಿದ ಮೇಲೆ ಆಕೆ ಪರದೆಯ ಮೇಲೆ ಬಂದರು. ಗಂಡನ ಅಂಗಿ ಹಿಂಡುತ್ತಿದ್ದವರು ಸೈರನ್ ಕೇಳಿ ಕೈ ತಡೆದರು. ನೀರು ತೊಟ್ಟಿಕ್ಕುತ್ತಿದೆ, ಆಕೆ ಕಿವಿಗೊಟ್ಟು ನಿಂತಿದ್ದಾರೆ... ಅಷ್ಟೇ. ಚಿತ್ರ ಬೇರೆಲ್ಲಿಗೋ ಹಾರಿತು. ಆಕೆ ಮತ್ತೆ ಬರಲೇ ಇಲ್ಲ.

ಮುಗಿದ ಮೇಲೆ ಹಿರಿಯರು ಕೇಳಿದರು. "ಆ ಹೆಣ್ಣುಮಗಳನ್ನ ಯಾಕ್ರೀ ಹಾಗೆ ಬಿಟ್ಬಿಟ್ರಿ? ಸಿನಿಮಾ ಶುರುವಾಗೋದೇ ಅಲ್ಲಿ."

"ನಂದೇ ತಪ್ಪು ಸರ್," ಎಂದರು ಡೈರೆಕ್ಟರ್. "ಹನ್ನೆರಡು ನಿಮಿಷ ಇತ್ತು. ಕತ್ತರಿಸಿಬಿಟ್ಟೆ."

"ಇಟ್ಕೊಂಡಿದೀರಲ್ಲ?"

"ಇಲ್ಲ ಸರ್. ಮದುವೆ ಸೀಸನ್ ಬಂತು. ಆ ಕ್ಯಾಸೆಟ್‌ಗಳ ಮೇಲೆಲ್ಲ ಮದುವೆ ತೆಗ್ದೆ. ಹಳೇ ಕಾಪಿ ಮೇಲೂ."

ಅವರು ನನ್ನ ಕಡೆ ನೋಡಲಿಲ್ಲ. ಕತ್ತರಿಸಲು ಹೇಳಿದ್ದು ನಾನು ಎನ್ನಲು ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ಮೆಟ್ಟಿಲ ಹತ್ತಿರ ಅವರ ಹೆಂಡತಿ ಸಿಕ್ಕು, "ನಾನಿರೋದು ಉದ್ದ ಆಯ್ತು ಅಂದ್ರಂತೆ ಸರ್. ಸರೀನೇ ಬಿಡಿ, ನಂಗೆಲ್ಲಿ ಆಕ್ಟಿಂಗ್ ಬರುತ್ತೆ" ಎಂದು ನಕ್ಕರು. ಆಕೆ ಮುಂದೆ ಹೋದ ಮೇಲೆ ಡೈರೆಕ್ಟರ್ ಮೆಲ್ಲಗೆ ಕೇಳಿದರು. "ಸರ್, ಆವತ್ತು ಪೂರ್ತಿ ನೋಡಿದ್ರಲ್ವಾ?"

"ನೋಡ್ದೆ ಮಾರಾಯ್ರೆ. ಎರಡು ಸಲ."

ಆಮೇಲೆ ಅವರು ಸೊಸೈಟಿಗೆ ಬರಲಿಲ್ಲ. ಕೇಬಲ್‌ನಲ್ಲಿ ಕೆಲವು ವರ್ಷ ಅವರ ಹಾಡುಗಳು ಕಾಣುತ್ತಿದ್ದವು. ಇನ್ನೊಂದು ಸಿನಿಮಾ ಮಾಡಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಪೇಪರಿನಲ್ಲಿ ಓದಿದೆ. ಹೋಗಲು ಮುಖವಿರಲಿಲ್ಲ.

ಮೊನ್ನೆ ಭಾನುವಾರ ಭದ್ರಾವತಿಗೆ ಹೋದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಅಲ್ಲಿಯವರು ಮನೆ ತೋರಿಸಿದರು. ಆಕೆ ಗುರುತು ಹಿಡಿದು ಕಾಫಿ ಕೊಟ್ಟರು. ನಾನು ಸುತ್ತಿಬಳಸದೆ ಹೇಳಿದೆ. "ನಾನು ಆವತ್ತು ಆ ಸಿನಿಮಾ ಪೂರ್ತಿ ನೋಡಿರಲಿಲ್ಲ ಅಮ್ಮ. ನೀವಿದ್ದ ಭಾಗ ನೋಡೇ ಇಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದೆ."

ಆಕೆ ಸೆರಗಿನ ಅಂಚು ಮಡಚತೊಡಗಿದರು.

"ಅವರು ಕೊನೇವರೆಗೂ ಹೇಳೋರು, ನೀನು ಚೆನ್ನಾಗಿ ಮಾಡಿದ್ದೆ ಕಣೇ ಅಂತ. ಗಂಡ ಅಲ್ವಾ, ಹಂಗೇ ಹೇಳ್ತಾರೆ ಅಂದ್ಕೊಂಡೆ ನಾನು. ಮೇಷ್ಟ್ರು ಓದಿದೋರು, ಅವರಿಗೆ ಗೊತ್ತಿರುತ್ತೆ ಅಂತ ಅವರ ಬಾಯೇ ಮುಚ್ಚಿಸ್ತಿದ್ದೆ." ಮಡಚಿದ ಅಂಚನ್ನು ಬಿಡಿಸಿ, "ಒಂದು ಸಲ ನಾನು ಅವರಿಗೆ ಹೂಂ ಅನ್ನಬಹುದಿತ್ತು" ಎಂದರು.

ಕ್ಷಮಿಸಿ ಎಂದೆ. ಆಕೆ ಲೋಟ ಎತ್ತಿಕೊಂಡು ಒಳಗೆ ಹೋದರು. ನಾನು ಕಾದು ಕೂತೆ. ಅವರು ಹೊರಗೆ ಬರಲಿಲ್ಲ.