ಕೊನೆಯ ಪಂಕ್ತಿಗೆ ಕೂತ ಡಾಕ್ಟರಮ್ಮ

ಡಾಕ್ಟರಮ್ಮನ ಬಲಗೈ ಹೆಬ್ಬೆರಳು ಮಾವಿನ ವಾಟೆಯಂತೆ ಚಪ್ಪಟೆಯಾಗಿತ್ತು. ಯಾವ ಹೆಂಗಸು ಎದುರಿಗೆ ಬಂದರೂ ಮಾತಿಗೆ ಮುಂಚೆ ಆ ಹೆಬ್ಬೆರಳು ಹೋಗಿ ಅವಳ ಕೆಳರೆಪ್ಪೆ ಎಳೆದು, ಒಳಗಿನ ಬಣ್ಣ ನೋಡುತ್ತಿತ್ತು. ಕೆಂಪಗಿದ್ದರೆ ಕೆನ್ನೆಗೊಂದು ಮೆಲ್ಲನೆಯ ತಟ್ಟು. ಬೆಳ್ಳಗಿದ್ದರೆ ಬರೀ ಒಂದು 'ಹೂಂ'. ಆ ಹೂಂ ಕೇಳಿಸಿಕೊಂಡವಳು ಅವತ್ತೆಲ್ಲ ಕನ್ನಡಿ ಬಿಡುತ್ತಿರಲಿಲ್ಲ.

ಅವರು ರೋಗ ನೋಡುವ ಡಾಕ್ಟರಲ್ಲ, ಊಟ ನೋಡುವ ಡಾಕ್ಟರು. ಹೆಂಗಸರು ಏನು ಉಣ್ಣುತ್ತಾರೆ, ಅದರಲ್ಲಿ ಕಬ್ಬಿಣವೆಷ್ಟು, ಸುಣ್ಣವೆಷ್ಟು, ವಿಟಮಿನ್ ಎಷ್ಟು ಎಂದು ತೂಗಿ ನೋಡುವ ಸಂಶೋಧನೆಗೆ ಅರವತ್ತರ ದಶಕದಲ್ಲಿ ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಗೆ ಬಂದಿದ್ದರು. ಮೈಸೂರು ಸೀಮೆಯವರಾದ್ದರಿಂದ ಓಡೈಪಟ್ಟಿ ಕಡೆಯ ನಮ್ಮ ಕನ್ನಡದ ಒಕ್ಕಲು ಮನೆಗಳನ್ನು ಅವರಿಗೇ ಒಪ್ಪಿಸಿದ್ದರು. ತಮಿಳಿನಲ್ಲಿ ನೆನೆದು ಉಬ್ಬಿದ ನಮ್ಮ ಕನ್ನಡ ಕೇಳಿ ಅವರು ನಗುತ್ತಿದ್ದರು, ಇಸ್ತ್ರಿ ಹಾಕಿದ ಅವರ ಕನ್ನಡ ಕೇಳಿ ನಾವು. ತಕ್ಕಡಿ, ಸೀಸೆ, ಪೆಟ್ಟಿಗೆ ಹೇರಲು ಅವರಿಗೊಂದು ಗಾಡಿ ಬೇಕಿತ್ತು. ಕಣಿವೆಗೆಲ್ಲ ಚೆಂದದ ಎತ್ತುಗಳು ನನ್ನವು. ಚೆಂದದ ಗಾಡಿಯವನೂ ನಾನೇ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಬೇಡ, ಕೇಳಬೇಡಿ.

ಹೊಸಬರನ್ನು ಪರೀಕ್ಷೆ ಮಾಡದೆ ಬಿಟ್ಟರೆ ನನ್ನ ಹೆಸರಿಗೆ ಅವಮಾನ. ಮೊದಲ ವಾರವೇ ಅವರ ಪೆಟ್ಟಿಗೆಯೊಳಗೆ, ತಕ್ಕಡಿ ತಟ್ಟೆಯ ಮೇಲೆ, ಜೀವಂತ ಓತಿಕ್ಯಾತವನ್ನು ಕೂರಿಸಿ ಮುಚ್ಚಿದೆ. ಜಗುಲಿ ತುಂಬ ಹೆಂಗಸರು ಕೂತಿದ್ದಾಗ ಡಾಕ್ಟರಮ್ಮ ಪೆಟ್ಟಿಗೆ ತೆರೆದರು. ಕಿರುಚಲಿಲ್ಲ. ಅದರ ಬೆನ್ನು ಹಿಡಿದೆತ್ತಿ ರೆಪ್ಪೆ ಎಳೆದು ನೋಡಿದರು.

"ಇದಕ್ಕೂ ರಕ್ತ ಕಡಿಮೆ. ಪಾಪ, ಇದರಮ್ಮ ಸರಿಯಾಗಿ ಉಂಡಿಲ್ಲ. ತಗೊಳ್ಳಪ್ಪ, ನಿನ್ನ ತಮ್ಮ" ಎಂದು ನನ್ನ ಕೈಗಿತ್ತರು.

ಹೆಂಗಸರು ನಕ್ಕ ಸದ್ದಿಗೆ ಪಕ್ಕದ ದ್ರಾಕ್ಷಿ ಚಪ್ಪರದ ಹಕ್ಕಿಗಳೆಲ್ಲ ಎದ್ದವು. ಅವತ್ತಿನಿಂದ ಎಲ್ಲ ಮನೆಯ ಬಾಗಿಲೂ ಅವರಿಗೆ ತೆರೆದವು. ಅಂದರೆ, ಆ ಸಂಶೋಧನೆ ನಡೆದದ್ದೇ ನನ್ನಿಂದ.

ಆದರೆ ಅವರ ತಕ್ಕಡಿಯನ್ನು ನಿಜವಾಗಿ ಏಮಾರಿಸಿದ್ದು ನಾನಲ್ಲ, ನಮ್ಮ ಅಮ್ಮಂದಿರು. ನಮ್ಮಲ್ಲಿ ಗಂಡಸರು ಮೊದಲು ಉಣ್ಣಬೇಕು, ಆಮೇಲೆ ಮಕ್ಕಳು. ಕೊನೆಯ ಪಂಕ್ತಿಗೆ ಹೆಂಗಸರು, ಮಡಕೆಯ ತಳಕ್ಕೆ ಏನು ಹತ್ತಿದೆಯೋ ಅದಕ್ಕೆ. ಆದರೆ ಹೊರಗಿನವರು ಸೊಸೆಯ ತಟ್ಟೆ ನೋಡಲು ಬಂದರೆ ಅದು ಮನೆಯ ಮಾನದ ವಿಷಯ. ತೂಗುವ ದಿನ ಮನೆಮನೆಯಲ್ಲೂ ನೆಲ್ಲಕ್ಕಿ ಅನ್ನ, ಬೇಳೆ, ತುಪ್ಪ, ಹಪ್ಪಳ. ಸೊಸೆಯರಿಗೆ ಮೊದಲ ಪಂಕ್ತಿ. ಡಾಕ್ಟರಮ್ಮ ಆ ಹಬ್ಬವನ್ನೆಲ್ಲ ತೂಗಿ ಬರೆದುಕೊಂಡರು.

ನಮ್ಮ ಮನೆಯ ಸರದಿ ಬಂತು. ನನ್ನ ಹೆಂಡತಿ ಚೊಚ್ಚಲ ಬಸಿರಿ, ಆರು ತಿಂಗಳು. ಅಮ್ಮ ಬಡಿಸಿದ ಅನ್ನದ ಗುಡ್ಡವನ್ನು ಹೊಸ ನೀರು ಕಂಡ ಕರುವಿನಂತೆ ನೋಡುತ್ತ ಕೂತಿದ್ದಳು. ಹೆಬ್ಬೆರಳು ಅವಳ ರೆಪ್ಪೆ ಎಳೆಯಿತು. ಈ ಸಲ ಹೂಂ ಕೂಡ ಬರಲಿಲ್ಲ.

"ದಿನಾ ಹೀಗೆ ಉಣ್ಣೋಳ ಕಣ್ಣು ಸುಣ್ಣದ ಗೋಡೆ ಥರ ಯಾಕಿದೆ ಅಮ್ಮಾ?"

"ಅದು ಅವಳು ಹುಟ್ಟಿದ ಬಣ್ಣ ತಾಯೀ. ನಮ್ಮ ಮನೇಲಿ ಸೊಸೆ ರಾಣಿ ಮಾದಿರಿ" ಎಂದಳು ಅಮ್ಮ.

ಬೆರಳು ಚುಚ್ಚಿ ರಕ್ತ ತೆಗೆಯುವಾಗ ಹೆಂಡತಿ ಹೆದರಿದಳು. ಧೈರ್ಯ ತುಂಬಲು ನನ್ನ ಬೆರಳನ್ನೇ ಮೊದಲು ಒಡ್ಡಿದೆ. ಆಮೇಲೆ ನಾನು ನೆಲದ ಮೇಲೆ ಮಲಗಿದ್ದು ನಿಜ, ಆದರೆ ನೆಲ ತಂಪಾಗಿತ್ತು ಅಂತ. ಮಲಗಿದ್ದಲ್ಲಿಂದಲೇ ಕಂಡೆ: ನನ್ನ ರಕ್ತ ನಮ್ಮ ಕಣಿವೆಯ ಕರೀ ಪನ್ನೀರು ದ್ರಾಕ್ಷಿಯ ರಸ. ಅವಳದು ಅದೇ ರಸ ಕುಡಿದ ಲೋಟ ತೊಳೆದ ನೀರು.

ಅವತ್ತು ಡಾಕ್ಟರಮ್ಮನನ್ನು ಗಾಡಿಯಲ್ಲಿ ಕಂಬಂ ಊರಿಗೆ ಬಿಡಲು ಹೋಗುವಾಗ ಅವರು ಕೇಳಿದರು. "ನಿನ್ನ ಹೆಂಡತಿ ಮಣ್ಣು ತಿನ್ತಾಳಾ?"

"ಒಲೆ ಮಣ್ಣು ಡಾಕ್ಟರಮ್ಮ! ಹಿಂಗೇ ತಿಂತಿದ್ರೆ ಮನೆ ಕರಗ್ತದೆ, ಹೊಸಾದು ಕಟ್ಟ್‌ಬೇಕು ಅಂತ ದಿನಾ ಕೇಲಿ ಮಾಡ್ತೀನಿ."

ಅವರು ನಗಲಿಲ್ಲ. "ಮೈಯಲ್ಲಿ ಕಬ್ಬಿಣ ಇಲ್ಲದಾಗ ಹಾಗೆ ಮಣ್ಣಿನ ಆಸೆ ಹುಟ್ಟುತ್ತೆ. ಹೆರಿಗೇಲಿ ಹೋಗೋ ರಕ್ತ ತಡ್ಕೊಳ್ಳೋಷ್ಟು ಅವಳಲ್ಲಿಲ್ಲ. ಹೀಗೇ ಬಿಟ್ಟರೆ, ಕೇಲಿ ಮಾಡೋಕೆ ನಿನಗೆ ಅವಳು ಇರಲ್ಲ."

ನಾನು ಗಾಡಿ ನಿಲ್ಲಿಸಿದೆ. "ಮಾತ್ರೆ ಕೊಡಿ" ಎಂದೆ.

"ಕೊಡ್ತೀನಿ. ಮಾತ್ರೆ ನುಂಗಿ ಗಂಜಿ ತಿಳಿ ಕುಡಿದರೆ ಸಾಲದು. ಅವಳು ಉಣ್ಣಬೇಕು."

ಮಾರನೆಯ ದಿನ ಬಟ್ಟೆಯ ಚೀಲ ಹಿಡಿದು ನಮ್ಮ ಜಗುಲಿ ಹತ್ತಿದರು. "ಅಮ್ಮಾ, ಇನ್ನು ನಿಮ್ಮನೇಲೇ ಇರ್ತೀನಿ. ಊಟ ಮಾತ್ರ ನಿಮ್ಮ ಜೊತೆ, ಕೊನೆಯ ಪಂಕ್ತಿ."

ಅಮ್ಮ ಬೆಚ್ಚಿಬಿದ್ದಳು. "ಅಯ್ಯಯ್ಯೋ ಸಾಮೀ! ಮನೆಗೆ ಬಂದ ವಿರುಂದಾಳಿಗೆ ತಳ ಕೆರೆದು ಬಡಿಸಿದ್ರೆ ಊರು ಎನ್ ಮುಖಕ್ಕೆ ಉಗೀತದೆ. ನೀನು ಮುಂಚೆ ಉಣ್ಣು ತಾಯೀ."

"ಗಂಡಸರ ಜೊತೆ ನಾನು ಹೇಗೆ ಕೂರಲಿ?"

ನೋಡಿ, ನನಗಿಂತ ದೊಡ್ಡ ತುಂಟಿ! ಅಮ್ಮನ ಶಾಸ್ತ್ರದಿಂದಲೇ ಅಮ್ಮನನ್ನು ಕಟ್ಟಿಹಾಕಿದರು. ಬಂದ ನೆಂಟರಿಗೆ ಒಳ್ಳೆಯದನ್ನೇ ಬಡಿಸಬೇಕು; ನೆಂಟರೋ ಕೊನೆಗೇ ಉಣ್ಣುತ್ತಾರೆ. ಹಾಗಾಗಿ ಒಳ್ಳೆಯದೆಲ್ಲ ಕೊನೆಯವರೆಗೆ ಮಡಕೆಯಲ್ಲಿ ಉಳಿಯಲೇಬೇಕಾಯಿತು. ಡಾಕ್ಟರಮ್ಮ ತಮ್ಮ ಪಾಲನ್ನು ಹಾಗೇ ಮುರಿದು ಸೊಸೆಗಿಷ್ಟು, ಅತ್ತೆಗಿಷ್ಟು ಇಡುತ್ತಿದ್ದರು. "ನೀವು ತಿನ್ನದೆ ನಾನು ಕೈ ಹಾಕಲ್ಲ." ನೆಂಟರು ಉಪವಾಸ ಏಳಬಹುದೆ? ಅಮ್ಮ ದಿನದಿನಕ್ಕೂ ಹೆಚ್ಚು ಬೇಯಿಸಿದಳು: ರಾಗಿ ಮುದ್ದೆ, ಹುರುಳಿ ಸಾರು, ನುಗ್ಗೆ ಸೊಪ್ಪಿನ ಕೀರೆ, ಮೇಲೆ ನೆಲ್ಲಿಕಾಯಿ. ನಾನೂ ಅಪ್ಪನೂ ಎರಡನೇ ಸಲ ಕೈ ಚಾಚಿದರೆ, "ಸಾಕು ಏಳಿ, ಹೊಟ್ಟೇನಾ ಕುದುರಾ?" ಎಂದು ಸೌಟು ತೋರಿಸುತ್ತಿದ್ದಳು. ಕುದುರು ಎಂದರೆ ನಮ್ಮಲ್ಲಿ ಕಾಳು ತುಂಬುವ ಮಣ್ಣಿನ ಕಣಜ. ಅಪ್ಪ ಎತ್ತುಗಳ ಹತ್ತಿರ ಹೋಗಿ ಗೊಣಗುತ್ತಿದ್ದ.

ಒಂದು ದಿನ ಅಮ್ಮನ ಸಹನೆಯ ಕಟ್ಟೆ ಒಡೆಯಿತು. "ಬಸಿರಿ ಜಾಸ್ತಿ ಉಂಡ್ರೆ ಕೂಸು ಗುಂಡಾಗ್ತದೆ. ಎನ್ ತಂಗಿ ಅಂಥ ಕೂಸು ಹೆರಲಾರದೇ ಸತ್ತಳು. ಎನ್ ಕಣ್ಣೆದುರೇ. ಇವಳನ್ನೂ ಕೊಲ್ಲಬೇಕಾ ನೀನು?"

ಅಮ್ಮ ಸೊಸೆಯ ತಟ್ಟೆ ಹಗುರ ಮಾಡುತ್ತಿದ್ದದ್ದು ಜಿಪುಣತನಕ್ಕಲ್ಲ, ಭಯಕ್ಕೆ ಎಂದು ನನಗೇ ಆಗ ಗೊತ್ತಾದದ್ದು. ಡಾಕ್ಟರಮ್ಮ ಅಮ್ಮನ ಕೈ ಹಿಡಿದುಕೊಂಡರು.

"ಮಗು ತಾಯಿಯ ಮೂಳೆ ಸವೆಸಿಯಾದರೂ ಬೆಳೆಯುತ್ತೆ ಅಮ್ಮಾ. ಆದರೆ ಅದನ್ನ ಹೊರಗೆ ತಳ್ಳೋದು ಯಾರು? ಅವಳಿಗೆ ಬಲ ಬೇಡವಾ?"

ಅಮ್ಮ ಕೈ ಬಿಡಿಸಿಕೊಂಡಳು. ಆಮೇಲೆ ಎದ್ದು ಸೊಸೆಯ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

"ನಮ್ಮನೆ ಊಟ ನಿಮ್ಮ ಸಂಶೋಧನೇಲಿ ಮೊದಲ ಪಟ್ಟ ಹೊಡೀತದೆ ಬಿಡಿ" ಎಂದು ನಾನು ಮರುದಿನ ಗಾಡಿಯಲ್ಲಿ ಕೊಚ್ಚಿಕೊಂಡೆ.

"ನಿಮ್ಮನೆಯನ್ನ ಪಟ್ಟಿಯಿಂದ ತೆಗೆದು ಹಾಕಿದ್ದೀನಪ್ಪ. ನಾನು ಬಂದಿದ್ದು ತೂಗೋಕೆ, ಬಡಿಸೋಕಲ್ಲ. ತೂಗೋಳೇ ತಟ್ಟೆಗೆ ಕೈ ಹಾಕಿದರೆ ಆ ತೂಕ ಸುಳ್ಳು. ಮೇಲಿನವರು ಬೈತಾರೆ, ಬೈಯಲಿ."

"ನಮ್ಮಂಥ ಮನೆ ಬಿಟ್ರೆ ಏನ್ ಸಂಶೋಧನೆ ಅದು?"

"ಮನೆಗಳು ಬೇಕಾದಷ್ಟಿವೆ. ನಿನ್ನ ಹೆಂಡತಿ ಒಬ್ಬಳೇ."

ಹೆರಿಗೆಯ ದಿನ ಸೂಲಗಿತ್ತಿಯ ಪಕ್ಕದಲ್ಲೇ ಕೂತಿದ್ದರು. ರಕ್ತ ಹೋಯಿತು, ತುಂಬ ಹೋಯಿತು. ಒಳಗಿನಿಂದ ಬಟ್ಟೆ ಹೊತ್ತು ಹೊರಬಂದ ಅಮ್ಮನ ಮುಖ ನೋಡಿ ನಾನು ಎತ್ತಿನ ಕೊರಳು ತಬ್ಬಿ ನಿಂತುಬಿಟ್ಟೆ. ಮಗು ಅತ್ತಿತು. ತಾಯಿಯ ಸದ್ದಿಲ್ಲ. ಬಹಳ ಹೊತ್ತಾದ ಮೇಲೆ ಒಳಗಿನಿಂದ ನನ್ನವಳ ದನಿ ಕೇಳಿತು: "ಪಸಿಕ್ತದೆ ಅಕ್ಕಾ. ತಿನ್ನಲು ಏನಾರ ಕೊಡು." ಹಸಿವಂತೆ! ಓತಿಕ್ಯಾತಕ್ಕೆ ಬೆಚ್ಚದ ಡಾಕ್ಟರಮ್ಮ ಜಗುಲಿಗೆ ಬಂದು, ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಮಗಳು ದುಂಡಗೆ ಹುಟ್ಟಿದ್ದಳು, ನನ್ನ ಹಾಗೇ ಚೆಂದ.

ಕಣಿವೆಯ ಕೆಲಸ ಮುಗಿಸಿ ಅವರು ಊರಿಗೆ ಹೋದರು. ಕೆಲವು ವರ್ಷಗಳ ಮೇಲೆ, ಅವರ ಜೊತೆ ಕೆಲಸ ಮಾಡಿದ್ದ ಕಾಂಪೌಂಡರ್ ಆಂಡಿಪಟ್ಟಿ ಸಂತೆಯಲ್ಲಿ ಸಿಕ್ಕು, ಡಾಕ್ಟರಮ್ಮ ತೀರಿಕೊಂಡರು ಎಂದ. ಮನೆಗೆ ಬಂದು ಹೇಳಿದೆ. ಅಮ್ಮ ಎದ್ದು ಬಚ್ಚಲಿಗೆ ಹೋದಳು. ತಲೆಗೆ ನೀರು ಹಾಕಿಕೊಂಡು ಬಂದು ಅಡಿಗೆ ಮಾಡಿದಳು. ಊಟದ ಹೊತ್ತಿಗೆ ಅಪ್ಪನೂ ನಾನೂ ಅಭ್ಯಾಸದಂತೆ ಹೋಗಿ ನೋಡಿದರೆ ನಮ್ಮ ಜಾಗದಲ್ಲಿ ಅಮ್ಮ ಕೂತಿದ್ದಾಳೆ. ಒಂದು ಪಕ್ಕ ಸೊಸೆ, ಇನ್ನೊಂದು ಪಕ್ಕ ಮೊಮ್ಮಗಳು.

ನಾನೂ ಅಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಏನ್ ಮುಖ ಮುಖ ಪಾತ್ತಾ ನಿಂತಿದೀರ?" ಎಂದಳು ಅಮ್ಮ. "ಕೀರೆ ಹಾಕಿ."

ನಾನು ಸೌಟು ತೆಗೆದುಕೊಂಡೆ. ಅಪ್ಪ ಮುದ್ದೆಯ ತಟ್ಟೆ ಎತ್ತಿಕೊಂಡ.