ಲಗಮವ್ವ ಕೇಳಿದ ಕುರಿ

ಬೆಳಿಗ್ಗೆ ಆರಕ್ಕೆ ವಿಜಯಪುರ ಬಿಟ್ಟೆವು. ರಾಜ್ಯದ ಗಡಿಯಾಚೆ, ಜತ್ತ ತಾಲೂಕಿನ ಹಳ್ಳಿಗಳಲ್ಲಿ ಗಾಳಿ-ಮಳೆಗೆ ಮೊಬೈಲ್ ಟವರ್ ಉರುಳಿ, ಲೈಟಿನ ಕಂಬಗಳು ಮಲಗಿ, ಊರಿಂದೂರಿಗೆ ಮಾತೇ ನಿಂತುಹೋಗಿತ್ತು. ಹವ್ಯಾಸಕ್ಕೆ ವೈರ್‌ಲೆಸ್ ನಡೆಸುವ, ಹ್ಯಾಮ್ ರೇಡಿಯೊ ಪರವಾನಗಿ ಇದ್ದವರು ಬೇಕೆಂದು ತಾಲೂಕು ಕಚೇರಿಯಿಂದ ಕರೆ ಬಂದಿತ್ತು. ರೇಡಿಯೊ ರಿಪೇರಿ ಅಂಗಡಿಯ ನಾನು, ಬ್ಯಾಂಕಿನಿಂದ ನಿವೃತ್ತನಾದ ಗೆಳೆಯ ಮಹಾದೇವ, ಒಂದು ಬಾಡಿಗೆ ಜೀಪು, ಎರಡು ದೊಡ್ಡ ಸೆಟ್, ಒಂದು ಸಣ್ಣದು, ಎರಡು ಬ್ಯಾಟರಿ, ಒಂದು ಸುರುಳಿ ತಂತಿ. ಈ ಡಬ್ಬಿಗಳನ್ನು ಯಾವ ಉದ್ಧಾರಕ್ಕೆ ಇಟ್ಟುಕೊಂಡಿದ್ದೀರಿ ಎಂದು ಮೂವತ್ತು ವರ್ಷ ಕೇಳಿದ ನನ್ನ ಹೆಂಡತಿ, ಅಂದು ತಾನಾಗಿ ರೊಟ್ಟಿ ಕಟ್ಟಿ ಕೊಟ್ಟಳು.

ದಾರಿಯಲ್ಲಿ ಬಿದ್ದ ಮರಗಳನ್ನು ಸುತ್ತಿ ಬಳಸಿ ತಿಕೋಂಡಿ ಮುಟ್ಟಲು ಹತ್ತಾಯಿತು. ನನ್ನನ್ನು ಅಲ್ಲಿ ಇಳಿಸಿ ಮಹಾದೇವ ಅಸಂಗಿಗೆ ಹೋದ. ಶಾಲೆಯ ಮಾಳಿಗೆಯಿಂದ ಬೇವಿನ ಮರಕ್ಕೆ ತಂತಿ ಕಟ್ಟಿ, ವರಾಂಡದಲ್ಲಿ ಸೆಟ್ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಅಸಂಗಿಯ ಮಹಾದೇವನೂ ಜತ್ತದ ಕಚೇರಿಯವರೂ ಕಿವಿಗೆ ಸಿಕ್ಕರು. ಜತ್ತಕ್ಕೆ ಮರಾಠಿ, ಅಸಂಗಿಗೆ ಕನ್ನಡ. ಇಲ್ಲಿಯವರಿಗೆ ಎರಡೂ ಸಲೀಸು, ತಡವರಿಸಿದವನು ನಾನೊಬ್ಬನೇ.

ಕೆಲಸದ ಪದ್ಧತಿ ಸರಳ. ಬಂದವರ ಸುದ್ದಿಯನ್ನು ಚೀಟಿಯಲ್ಲಿ ಬರೆದು ಸರದಿಯಂತೆ ಓದಬೇಕು. ಮೊದಲು ಮನುಷ್ಯರು, ಆಮೇಲೆ ದನಕರು, ಕೊನೆಗೆ ಉಳಿದದ್ದು. ಬ್ಯಾಟರಿ ಉಳಿಸಬೇಕಾದ್ದರಿಂದ ಸುದ್ದಿ ಚಿಕ್ಕದಿರಲಿ ಎಂದೆ. ಆದರೆ ಈ ಸೀಮೆಯ ಮಂದಿ ಅತ್ತೆಯಿಂದ ಹಿಡಿದು ಎಮ್ಮೆಯವರೆಗೆ ಎಲ್ಲರ ಆರೋಗ್ಯ ವಿಚಾರಿಸದೆ ವಿಷಯಕ್ಕೆ ಬರುವುದಿಲ್ಲ. ಒಬ್ಬ ವ್ಯಾಪಾರಿ ಒಣದ್ರಾಕ್ಷಿಯ ಪೇಟೆ ಧಾರಣೆ ಕೇಳಿ ಹೇಳಿ ಎಂದ. ಅವನಿಗೆ ಕುಡಿಯಲು ನೀರು ಕೊಟ್ಟು ಕಳಿಸಿದೆ.

ಸಾಲಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಹೆಸರು ಲಗಮವ್ವ, ಕುರಿ ಸಾಕುವ ಮನೆತನ.

"ನಮ್ಮ ಕುರಿ ಅಸಂಗಿ ಕಡಿ ಹೋಗ್ಯಾವ್ರಿ. ಬಂದು ಮುಟ್ಯಾವೇನು, ಕೇಳ್ರಿ" ಅಂದಳು.

ಬರೀ ಕುರಿಯ ಸುದ್ದಿಯೇ ಎಂದು ಕೇಳಿದೆ. ಹೌದು, ಕುರಿ ಮುಟ್ಟಿದ್ದರೆ ಸಾಕು ಎಂದಳು. 'ಲಗಮವ್ವ, ಕುರಿ' ಎಂದು ಬರೆದು ಎರಡನೆಯ ಕಟ್ಟಿಗೆ ಸೇರಿಸಿದೆ. ಆಕೆ ಬೇವಿನ ಮರದ ಕೆಳಗೆ ಕುಳಿತಳು. ಹೆರಿಗೆಯ ಹೆಣ್ಣುಮಗಳೊಬ್ಬಳಿಗೆ ಗಾಡಿ, ಒಬ್ಬರಿಗೆ ಸಕ್ಕರೆ ಕಾಯಿಲೆಯ ಸೂಜಿಮದ್ದು, ಕಾಣೆಯಾದ ಇಬ್ಬರು ಮುದುಕರು ಎನ್ನುತ್ತ ಸಂಜೆಯಾಯಿತು. ದನಕರುಗಳ ಕಟ್ಟು ಬಿಚ್ಚಲೇ ಇಲ್ಲ. ಲಗಮವ್ವ ಎದ್ದು ಬಂದು, ಬುತ್ತಿಯಲ್ಲಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನಗೂ ಒಂದಿಷ್ಟು ಇಟ್ಟು ಹೋದಳು. ನಾನು ಉಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ನಸುಕಿಗೇ ಆಕೆ ಮತ್ತೆ ಅಲ್ಲಿದ್ದಳು. ಅದೇ ಮಾತು, ಅದೇ ಕುರಿ. ಮನುಷ್ಯರದೇ ಮುಗಿದಿಲ್ಲ, ಕುರಿಗೇನು ಅವಸರ ಎಂದು ಸಿಡುಕಿದೆ. ಆಕೆ ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದಳು. ಹಿಂದಿನ ದಿನವೆಲ್ಲ ಹಾರಿಹೋದ ತಗಡು ಹುಡುಕುತ್ತಿದ್ದ ಚಹಾದಂಗಡಿಯ ಗುರುಬಸಪ್ಪ ಆಗಷ್ಟೇ ನನಗೆ ಚಹಾ ತಂದಿದ್ದ. ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದ.

"ಸರ, ಕುರಿ ತಾವ ಹೋಗ್ತಾವೇನ್ರಿ? ಹಿಂದ ಆಕಿ ಗಂಡ ಮಾಳಪ್ಪ ಹೋಗ್ಯಾನ. ಗಾಳಿ ಬಿಟ್ಟ ದಿನದಿಂದ ಪತ್ತೆ ಇಲ್ಲ. ಆಕಿ ಬಾಯಾಗ ಗಂಡನ ಹೆಸರು ಹ್ಯಾಂಗ ಬರ್ತೈತ್ರಿ?"

ನಾನೂ ಇದೇ ಸೀಮೆಯವನು. ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಹೇಳಲು ಅವ್ವ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದಳು. ಸಾಯುವವರೆಗೂ ಆಕೆ ಆ ಹೆಸರು ಆಡಿದವಳಲ್ಲ. ಅದೆಲ್ಲ ಬಲ್ಲ ನಾನು ಒಬ್ಬ ಮನುಷ್ಯನನ್ನು ಒಂದಿಡೀ ದಿನ ದನಕರುಗಳ ಕಟ್ಟಿನಲ್ಲಿ ಇಟ್ಟಿದ್ದೆ.

ಸಾಲು ನಿಲ್ಲಿಸಿ ಮಹಾದೇವನನ್ನು ಕರೆದೆ. ಅವನು ಅಸಂಗಿಯಲ್ಲಿ ಸುತ್ತ ನಿಂತವರನ್ನು ವಿಚಾರಿಸಿದ. ಮೇವು ತರಲು ಹೋಗಿದ್ದ ಒಬ್ಬ, ಹಳ್ಳದಾಚೆಯ ದಿಬ್ಬದಲ್ಲಿ ನಿನ್ನೆಯಿಂದ ಒಂದು ಹಿಂಡು ನಿಂತಲ್ಲೇ ನಿಂತಿದೆ ಎಂದ. ನಿನ್ನೆಯೆಲ್ಲ ಅಲ್ಲಿ ಮನುಷ್ಯರ ಸುದ್ದಿ ಕೇಳಿದ್ದರು, ಕುರಿಯ ಸುದ್ದಿ ಯಾರೂ ಕೇಳಿರಲಿಲ್ಲ. ನಾಲ್ಕು ಜನ ಹಗ್ಗ ಹಿಡಿದು ಹಳ್ಳ ದಾಟಿದರು. ಮಹಾದೇವ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ತೆಗೆದುಕೊಂಡು ಅವರ ಹಿಂದೆ ಹೋದ.

ಒಂದೂವರೆ ತಾಸಿನ ಮೇಲೆ ಅವನ ದನಿ ಬಂತು. ಮಾಳಪ್ಪ ಸಿಕ್ಕಿದ್ದ. ಕಾಲು ಮುರಿದು, ಮೈ ಕೆಂಡದಂತೆ ಸುಡುತ್ತಿತ್ತು. ಉಸಿರಿದೆ, ಎಷ್ಟು ಅಲುಗಿಸಿದರೂ ಕಣ್ಣು ತೆರೆಯುತ್ತಿಲ್ಲ ಎಂದ. ಜತ್ತಕ್ಕೆ ಹೇಳಿ ಆಂಬುಲೆನ್ಸ್ ಹೊರಡಿಸಿದೆ. ಮಹಾದೇವ ಮತ್ತೆ ಕರೆದು, ಮನೆಯವರು ಮಾತಾಡಲಿ, ಸೆಟ್ ಅವನ ಕಿವಿಗೆ ಹಿಡಿಯುತ್ತೇನೆ ಎಂದ.

ಲಗಮವ್ವನ ಕೈಗೆ ಮೈಕು ಕೊಟ್ಟು, ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು ಎಂದು ತೋರಿಸಿದೆ. ಆಕೆ "ಏನ್ರೀ" ಎಂದಳು. ಬಿಟ್ಟಳು. ಬರೀ ಗಾಳಿಯ ಸದ್ದು. "ಕೇಳಸ್ತೈತೇನ್ರಿ" ಎಂದಳು. ಮತ್ತೆ ಅದೇ ಗಾಳಿ. ಮೂವತ್ತು ನಲವತ್ತು ಜನ ಸುತ್ತ ನಿಂತಿದ್ದರು, ಅದರಲ್ಲಿ ಮಾಳಪ್ಪನನ್ನು ಬೇರೆ ಕಡೆ ಹುಡುಕಿ ಆಗಷ್ಟೇ ಮರಳಿದ್ದ ಆಕೆಯ ಭಾವ ಮೈದುನರೂ ಇದ್ದರು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಗುಂಡಿ ಒತ್ತಿ, ಗಟ್ಟಿಯಾಗಿ ಕರೆದಳು.

"ಮಾಳಪ್ಪಾ."

ಗುಂಡಿ ಬಿಡುವುದನ್ನು ಮರೆತಳು. ನಾನೇ ಬೆರಳು ಬಿಡಿಸಿದೆ. ಕಣ್ಣು ಬಿಟ್ಟ ಎಂದು ಮಹಾದೇವ ಕೂಗುತ್ತಿದ್ದ. ಅವನ ದನಿಯ ಹಿಂದೆ ಕುರಿಗಳ ಒದರಾಟ ಕೇಳುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಫೋನಿನ ಲೈನು ಬಂತು, ನಾವು ತಂತಿ ಸುತ್ತಿದೆವು. ಜೀವಕ್ಕೆ ಅಪಾಯವಿಲ್ಲ, ಕಾಲಿನ ಮಾತು ಈಗಲೇ ಹೇಳಲಾಗದು ಎಂದು ಜತ್ತದ ಡಾಕ್ಟರರು ತಿಳಿಸಿದ್ದರು. ನಾನು ಕಳೆದ ಆ ಒಂದು ದಿನ ಅವನ ಕಾಲಿಗೆ ಎಷ್ಟು ಎರವಾಯಿತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಹೊರಡುವ ಮುನ್ನ ಚೀಟಿಗಳನ್ನು ಸರಿಪಡಿಸುತ್ತಿದ್ದೆ. ಲಗಮವ್ವನ ಚೀಟಿಯಲ್ಲಿ 'ಕುರಿ' ಎಂಬುದನ್ನು ಹೊಡೆದುಹಾಕಿ, ಆಸ್ಪತ್ರೆಗೆ ಹೊರಟು ನಿಂತಿದ್ದ ಆಕೆಗೆ ಯಜಮಾನರ ಪೂರ್ತಿ ಹೆಸರು ಹೇಳಿ ಎಂದೆ. ಆಕೆ ನೆಲ ನೋಡಿದಳು. ಆಮೇಲೆ ಗುರುಬಸಪ್ಪನ ಅಂಗಡಿಯ ಕಡೆ ಕೈ ಮಾಡಿದಳು.

"ಅವರನ್ನ ಕೇಳಿ ಬರಕೋರಿ. ನಾ ಒಮ್ಮೆ ಅಂದೀನಿ, ಸಾಕು."